ಎಲ್ಲರಿಗೂ ಇಪ್ಪತ್ತು

ಮಾರ್ಚ್ 3, ಸೋಮವಾರ. ಮಧ್ಯಾಹ್ನ

ಡ್ಯೂಟಿ ಮುಗಿಸಿ ಹಾಸ್ಟೆಲಿಗೆ ಬಂದೆ. ಶೂ ಇನ್ನೂ ಬಿಚ್ಚಿಲ್ಲ. ಗಿಣಿ ಗೋಡೆ ಕಡೆ ಮುಖ ಮಾಡಿ ಮಲಗಿದ್ದಾಳೆ. ರೂಮ್‌ಮೇಟ್ ಏಣಿ ತನ್ನ ಪಾಳಿಯ ಹ್ಯಾಂಡೋವರ್ ಕೊಟ್ಟು ಊಟಕ್ಕೆ ಓಡಿದಳು. "ಅರ್ಧ ಬ್ರೆಡ್ ತಿಂದ್ಲು. ಎರಡು ಸಲ ಬಾತ್‌ರೂಮ್. ಅಳು ಇಲ್ಲ, ಮಾತೂ ಇಲ್ಲ." ಅದೇ ರೂಮಿನಲ್ಲಿ ಮೂರು ವರ್ಷ ಒಟ್ಟಿಗೆ ಇದ್ದವಳ ಬಗ್ಗೆ ಹೇಳುವ ಮಾತು ಇದು. ಕೇಳಿ ಕೇಳಿ ನನಗೂ ಏನೂ ಅನಿಸುವುದಿಲ್ಲ.

ಪಕ್ಕದಲ್ಲಿ ಕೂತು ಮಣಿಕಟ್ಟು ಹಿಡಿದೆ. ನಾಡಿ ಎಣಿಸುವ ನೆಪ. ನರ್ಸಿಂಗ್ ಮೊದಲ ವರ್ಷವೇ ಕಲಿಸಿದ್ದು — ನಾಡಿ ಎಣಿಸಿ ಮುಗಿದ ಮೇಲೂ ಕೈ ಬಿಡಬೇಡಿ, ಹಾಗೇ ಹಿಡಿದುಕೊಂಡು ಎದೆ ಏರಿ ಇಳಿಯುವುದನ್ನು ಎಣಿಸಿ, ಒಂದು ನಿಮಿಷ ಪೂರ್ತಿ. ಉಸಿರು ಎಣಿಸುತ್ತಿದ್ದಾರೆ ಎಂದು ಗೊತ್ತಾದರೆ ರೋಗಿಯ ಉಸಿರೇ ಬದಲಾಗಿಬಿಡುತ್ತದೆ. ನನಗೆ ಬೇಕಾಗಿರುವುದೂ ಉಸಿರೇ. ನಿದ್ದೆಯೋ ನಿದ್ದೆಯ ನಾಟಕವೋ ಅದರಲ್ಲಿ ತಿಳಿಯುತ್ತದೆ. ಹದಿನಾಲ್ಕು. ನಿದ್ದೆ ಎಂದುಕೊಂಡೆ.

"ನಾಡಿ ಆಯ್ತಲ್ಲ, ಕೈ ಬಿಡೇ," ಎಂದಳು ಗೋಡೆಗೆ.

ಗಿಣಿ ಎಂದು ಹೆಸರಿಟ್ಟವಳು ನಾನೇ. ವೈವಾ ಪರೀಕ್ಷೆಯಲ್ಲಿ ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಶುರು ಮಾಡುತ್ತಿದ್ದಳು, ಸಾಕು ಎಂದರೂ ನಿಲ್ಲಿಸುತ್ತಿರಲಿಲ್ಲ. ಈಗ ಬಾಯಿಗೆ ಬೀಗ. ಕಳೆದ ತಿಂಗಳು ಅವಳೇ ನೋಡಿಕೊಳ್ಳುತ್ತಿದ್ದ ಹೆಂಗಸೊಬ್ಬರು ವಾರ್ಡಿನಲ್ಲಿ ತೀರಿಕೊಂಡರು. ಮೈ ಒರೆಸಿ ಬಟ್ಟೆ ಸುತ್ತುವ ಕೆಲಸ ಇಬ್ಬರದ್ದು, ಇವಳೊಬ್ಬಳಿಂದಲೇ ಮಾಡಿಸಿದರು. ಮಾಡುತ್ತಾ ಅತ್ತಳು. ಸತ್ತವರ ಮಗಳು ಬಾಗಿಲಲ್ಲೇ ನಿಂತಿದ್ದಾಗ ಟ್ಯೂಟರ್ ಹೇಳಿದ್ದು — "ನೀನು ನಾಟಕದ ಕಂಪನಿ ಸೇರಬೇಕಿತ್ತು." ಆಮೇಲೆ ಅಳಲಿಲ್ಲ. ಮಾತೂ ಆಡಲಿಲ್ಲ. ಎರಡು ವಾರದ ಹಿಂದೆ ಟೆರೇಸಿನಲ್ಲಿ ಬಟ್ಟೆ ಒಣಗಿಸುವಾಗ ನನಗೆ ಹೇಳಿದಳು, "ಬೆಳಿಗ್ಗೆ ಏಳದೇ ಇದ್ರೆ ಎಷ್ಟು ಚೆನ್ನಾಗಿರತ್ತೆ ಅಲ್ವಾ." ಆ ಕ್ಲಿಪ್ ಕೊಡು ಎನ್ನುವಷ್ಟು ಸಲೀಸಾಗಿ.

ಅವತ್ತಿನಿಂದ ಮೂವರು ಪಾಳಿ ಹಾಕಿಕೊಂಡು ಕಾಯುತ್ತಿದ್ದೇವೆ. ನಾನು, ಉದ್ದ ಇರುವುದಕ್ಕೆ ಏಣಿ ಆದವಳು, ಬೇಸಿಗೆಯಲ್ಲೂ ಸ್ವೆಟರ್ ಬಿಚ್ಚದೆ ಅಜ್ಜಿ ಆದವಳು. ಪುಸ್ತಕದಲ್ಲಿ ಇದ್ದ ಹಾಗೆ. ಒಂಟಿಯಾಗಿ ಬಿಡಬಾರದು, ಅಪಾಯದ ವಸ್ತು ಹತ್ತಿರ ಇರಬಾರದು, ಬಾತ್‌ರೂಮಿನ ಬಾಗಿಲಿಗೆ ಒಳಚಿಲಕ ಹಾಕಬಾರದು.

ಯಾರಿಗೂ ಹೇಳಿಲ್ಲ. ಹೇಳಿದರೆ ಏನಾಗುತ್ತದೆ ಎಂದು ನೋಡಿದ್ದೇವೆ. ಹೋದ ವರ್ಷ ಮೂಲೆ ರೂಮಿನ ಸೀನಿಯರ್ ಅಕ್ಕ ತನಗೆ ಹೆದರಿಕೆ ಆಗುತ್ತದೆ, ಕೈ ನಡುಗುತ್ತದೆ ಎಂದು ತಾನಾಗಿಯೇ ಹೋಗಿ ಹೇಳಿಕೊಂಡಳು. ಸಂಜೆಗೆ ಅಪ್ಪ ಬಂದರು. ರಾತ್ರಿಗೆ ಹಾಸಿಗೆ ಸುತ್ತಿ ಕಾರಿಡಾರಿನಲ್ಲಿ ಇಟ್ಟಿದ್ದರು. ಪ್ರಿನ್ಸಿಪಾಲ್ ಮೇಡಂ ಅದಕ್ಕೆ ಕೊಟ್ಟ ಹೆಸರು ವಿಶ್ರಾಂತಿ. ಅಕ್ಕ ಇನ್ನೂ ವಿಶ್ರಾಂತಿಯಲ್ಲೇ ಇದ್ದಾಳೆ. ಗಿಣಿಯನ್ನು ಅವರ ಕೈಗೆ ಕೊಡುವುದಿಲ್ಲ ನಾನು.


ಮಾರ್ಚ್ 5, ಬುಧವಾರ

ಇವತ್ತು ಗಿಣಿಗೆ ಬೈಗುಳ. ಕಾರಣ ನಾವೇ.

ಯೂನಿಫಾರ್ಮಿನ ಜೇಬಿನಲ್ಲಿ ಕತ್ತರಿ ಇರಲೇಬೇಕು. ಗಿಣಿಯ ಕತ್ತರಿ ನನ್ನ ಟ್ರಂಕಿನಲ್ಲಿ, ಬೀಗದ ಒಳಗೆ. ಅಪಾಯದ ವಸ್ತು. ಸೇಫ್ಟಿ ಪಿನ್ನೂ ಅಲ್ಲೇ. ಡ್ರೆಸ್ಸಿಂಗ್ ಟ್ರಾಲಿ ಎದುರಿಗೆ ಟ್ಯೂಟರ್ ಕೇಳಿದರು, "ಕತ್ತರಿ ಎಲ್ಲಿ?" ಗಿಣಿ ನೆಲ ನೋಡಿದಳು. "ಸರ್ಜಿಕಲ್ ವಾರ್ಡಿಗೆ ಕತ್ತರಿ ಇಲ್ದೆ ಬಂದಿದೀಯ. ಹಲ್ಲಲ್ಲಿ ಕಚ್ಚಿ ಕತ್ತರಿಸ್ತೀಯಾ ಬ್ಯಾಂಡೇಜ್?"

ವಾರ್ಡೆಲ್ಲಾ ನಕ್ಕಿತು. ರೋಗಿಗಳೂ ನಕ್ಕರು. ನಾನು ಮುಂದೆ ಬಂದು ನನ್ನದನ್ನು ಕೊಟ್ಟೆ. "ನೀನೇನು ಅವಳ ವಕೀಲೆಯಾ?" ಎಂದರು ನನಗೆ. ಇವರ ಎದುರು ಸುಮ್ಮನಿರುವುದಕ್ಕೇ ಅರ್ಧ ಶಕ್ತಿ ಖರ್ಚಾಗುತ್ತದೆ.

ಹೊರಗೆ ಬಂದ ಮೇಲೆ ಗಿಣಿ ಕೇಳಿದಳು, "ನನ್ನ ಕತ್ತರಿ ಕೊಡ್ತೀಯಾ?"

"ಡ್ಯೂಟಿಗೆ ಹೋಗುವಾಗ ಕೊಡ್ತೀನಿ. ಬಂದ ತಕ್ಷಣ ವಾಪಸ್ ಇಸ್ಕೋತೀನಿ."

"ಎಣಿಸಿ ಕೊಡು," ಎಂದಳು. "ಆಪರೇಷನ್ ಥಿಯೇಟರ್‌ನಲ್ಲಿ ಎಣಿಸ್ತಾರಲ್ಲ, ಹಾಗೆ."

ತಮಾಷೆಯೋ ಚುಚ್ಚಿದ್ದೋ ಗೊತ್ತಾಗಲಿಲ್ಲ. ಹಳೆಯ ಗಿಣಿಯಾಗಿದ್ದರೆ ಗೊತ್ತಾಗುತ್ತಿತ್ತು.


ಮಾರ್ಚ್ 8, ಶನಿವಾರ. ಸಂಜೆ

ಬರೆಯದಿದ್ದರೆ ಯಾರಿಗಾದರೂ ಹೊಡೆದುಬಿಡುತ್ತೇನೆ.

ಇವತ್ತು ಕಾರ್ಯಕ್ರಮ. 'ವಿದ್ಯಾರ್ಥಿಗಳ ಮನಸ್ಸಿನ ಆರೋಗ್ಯ'. ಬೆಳಗಿನ ಡ್ಯೂಟಿ ಮುಗಿದು ಸಂಜೆಯ ಕ್ಲಾಸು ಶುರುವಾಗುವ ನಡುವೆ ನಮಗೆ ಸಿಗುವುದು ಒಂದೇ ಒಂದು ಗಂಟೆ. ಊಟ, ಬಟ್ಟೆ, ನಿದ್ದೆ ಎಲ್ಲಾ ಅದರಲ್ಲೇ. ಆ ಗಂಟೆಯನ್ನೇ ತೆಗೆದುಕೊಂಡರು. ಹಾಜರಿ ಕಡ್ಡಾಯ. ತೂಕಡಿಸಿದವರನ್ನು ಎಬ್ಬಿಸಿ ನಿಲ್ಲಿಸಿದರು. ಒತ್ತಡ ಕಡಿಮೆ ಮಾಡುವ ಭಾಷಣವನ್ನು ಹನ್ನೊಂದು ಜನ ಗೋಡೆಗೆ ಒರಗಿ ನಿಂತು ಕೇಳಿದರು.

ಸಂಪನ್ಮೂಲ ವ್ಯಕ್ತಿ ಕೋಟು ಹಾಕಿಕೊಂಡು ಬಂದಿದ್ದರು. ದಿನಾ ಎಂಟು ಲೋಟ ನೀರು ಕುಡಿಯಬೇಕಂತೆ. ಹಾಸ್ಟೆಲಿನ ಫಿಲ್ಟರು ಕೆಟ್ಟು ಎಷ್ಟು ಕಾಲವಾಯಿತು ಎಂದು ಅವರಿಗೇನು ಗೊತ್ತು. ಒತ್ತಡವನ್ನು ಗೆಳೆಯನನ್ನಾಗಿ ಮಾಡಿಕೊಳ್ಳಬೇಕಂತೆ. ಕಣ್ಣು ಮುಚ್ಚಿ ಕೈ ಮೇಲೆತ್ತಿ ಎಲ್ಲರೂ 'ನಾನು ಸಂತೋಷವಾಗಿದ್ದೇನೆ' ಎಂದು ಮೂರು ಸಲ ಹೇಳಿದೆವು. ನಾನು ಬಾಯಿ ಮಾತ್ರ ಆಡಿಸಿದೆ. ಕಣ್ಣು ಮುಚ್ಚಲಿಲ್ಲ, ಗಿಣಿಯ ಮೇಲೆ ಇಟ್ಟಿದ್ದೆ, ನನ್ನ ಪಾಳಿ ಅದು.

ಆಮೇಲೆ ಪ್ರಿನ್ಸಿಪಾಲ್ ಮೇಡಂ ಮೈಕ್ ಹಿಡಿದು, "ನಮ್ಮ ಸಂಸ್ಥೆಯಲ್ಲಿ ಇಂಥ ಸಮಸ್ಯೆಗಳು ಇಲ್ಲ ಎನ್ನುವುದು ಹೆಮ್ಮೆಯ ವಿಷಯ. ಇದು ಮುಂದೆ ನಿಮ್ಮ ರೋಗಿಗಳಿಗೆ ಉಪಯೋಗಕ್ಕೆ ಬರಲಿ ಅಂತ," ಎಂದರು.

ವಂದನಾರ್ಪಣೆ ಮಾಡಿದ್ದು ಯಾರು? ಗಿಣಿ. ಅವಳ ಇಂಗ್ಲಿಷ್ ಚೆನ್ನಾಗಿದೆ, ದನಿ ಚೆನ್ನಾಗಿದೆ. ಎಂದಿನಂತೆ ಅವಳನ್ನೇ ಕರೆದರು. ಎದ್ದು ಹೋಗಿ, ಚೀಟಿ ಇಲ್ಲದೆ, ಒಂದು ಪದ ತಪ್ಪದೆ ಎಲ್ಲರಿಗೂ ಧನ್ಯವಾದ ಹೇಳಿದಳು. ಅಡುಗೆಯವರಿಗೂ ಹೇಳಿದಳು. ಮುಖದಲ್ಲಿ ನಗು. ಕೆಳಗೆ ಬಂದು ನನ್ನ ಪಕ್ಕ ಕೂತಾಗ ಅಂಗೈ ಹಿಡಿದು ನೋಡಿದೆ. ಮಂಜುಗಡ್ಡೆ.

"ನಗಕ್ಕೆ ಹೇಗೆ ಆಯ್ತೇ ನಿನಗೆ?"

"ಅಭ್ಯಾಸ," ಎಂದಳು.


ಮಾರ್ಚ್ 11, ಮಂಗಳವಾರ

ನಿನ್ನೆಯಿಂದ ಮನೋರೋಗ ವಾರ್ಡು. ಎರಡು ವಾರ ಇಲ್ಲೇ. ಒಳಗೆ ಹೋಗುವಾಗ ಕತ್ತರಿ, ಪಿನ್ನು ಎಲ್ಲಾ ಬಾಗಿಲಲ್ಲೇ ಇಸಿದುಕೊಳ್ಳುತ್ತಾರೆ. ಗಿಣಿ ನನ್ನ ಕಡೆ ನೋಡಿದಳು. ನಾನು ನೋಡದ ಹಾಗೆ ಇದ್ದೆ.

ಇಲ್ಲಿನ ಇನ್‌ಚಾರ್ಜ್ ಸಿಸ್ಟರ್ ಕುಳ್ಳಗೆ, ದಪ್ಪಗೆ. ಕನ್ನಡಕ ದಾರದಲ್ಲಿ ಎದೆಯ ಮೇಲೆ ನೇತಾಡುತ್ತದೆ, ಆದರೂ ಎಲ್ಲರನ್ನೂ ನನ್ನ ಕನ್ನಡಕ ಎಲ್ಲಿ ಎಂದು ಕೇಳುತ್ತಾರೆ. ಬೆಳಿಗ್ಗೆ ನಮ್ಮನ್ನು ಹಿಂದೆ ಕಟ್ಟಿಕೊಂಡು ರೌಂಡ್ಸ್ ಹೋದರು. ಕಿಟಕಿ ಬಳಿಯ ಮಂಚದಲ್ಲಿ ಒಬ್ಬರು ಶಾಲೆಯ ಟೀಚರ್. ಸಿಸ್ಟರ್ ಅವರ ದಿಂಬು ಸರಿ ಮಾಡುತ್ತಾ ಕೇಳಿದರು, "ತಿಂಡಿ ಆಯ್ತಾ? ನಿದ್ದೆ ಬಂತಾ? ಸಾಯ್ಬೇಕು ಅನ್ನಿಸ್ತಾ ಇವತ್ತು?"

ನಾವೆಲ್ಲಾ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಟೀಚರ್ ಮಾತ್ರ ಯೋಚನೆ ಮಾಡಿ ಉತ್ತರ ಕೊಟ್ಟರು. "ನಿನ್ನೆಗಿಂತ ಕಡಿಮೆ."

"ಸರಿ. ಜಾಸ್ತಿ ಆದ್ರೆ ಕೂಗಿ."

ಕಾರಿಡಾರಿನಲ್ಲಿ ಏಣಿ ಕೇಳಿಯೇಬಿಟ್ಟಳು, ಹಾಗೆಲ್ಲಾ ನೇರವಾಗಿ ಕೇಳಬಹುದಾ ಎಂದು. "ಕೇಳಿದ ಮಾತ್ರಕ್ಕೆ ಆ ಯೋಚನೆ ಹೊಸದಾಗಿ ಹುಟ್ಟಲ್ಲ ಕಣಮ್ಮ. ಒಳಗಿರೋದು ಹೊರಗೆ ಬರತ್ತೆ ಅಷ್ಟೇ. ಕೇಳದೇ ಸುಮ್ನೆ ಕಾವಲು ಕೂತ್ರೆ ನೀನು ನರ್ಸ್ ಅಲ್ಲ, ವಾಚ್‌ಮನ್."

ಇನ್ನೊಂದು ಹೇಳಿದರು. ಕಾವಲಿಗೆ ಒಬ್ಬರೇ ಎರಡು ಗಂಟೆಗಿಂತ ಜಾಸ್ತಿ ಕೂರಬಾರದು, ಆಳು ಬದಲಾಗಬೇಕು. ಎರಡು ಗಂಟೆ ಕಳೆದ ಮೇಲೆ ಕಣ್ಣು ನೋಡುತ್ತದೆ, ತಲೆ ನೋಡುವುದಿಲ್ಲ.

ಎರಡು ಗಂಟೆಯಂತೆ. ಎಂಟು ಜನ ಸ್ಟಾಫ್ ಇಟ್ಟುಕೊಂಡು ಯಾರು ಬೇಕಾದರೂ ಹೇಳಬಹುದು.

ಗಿಣಿಯನ್ನು ನೇರವಾಗಿ ಕೇಳಬೇಕು. ಇವತ್ತು ಕೇಳುತ್ತೇನೆ.


ಮಾರ್ಚ್ 12, ಬುಧವಾರ

ಕೇಳಲಿಲ್ಲ. ಬಾಯಿ ತೆರೆದೆ. "ಸೋಪ್ ಇದೆಯಾ?" ಎಂದು ಬಂತು.


ಮಾರ್ಚ್ 16, ಭಾನುವಾರ

ಏಣಿ ಕೈ ಕೊಟ್ಟಳು.

ಅಜ್ಜಿ ಜ್ವರ ಎಂದು ಶುಕ್ರವಾರವೇ ಮನೆಗೆ ಹೋದಳು. ಅವಳ ಪಾಳಿಯೂ ನಮ್ಮಿಬ್ಬರ ತಲೆಗೆ ಬಂತು. ಇವತ್ತು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಏಣಿ ಬಕೆಟ್ಟು ಕೆಳಗಿಟ್ಟು ಹೇಳಿದಳು, "ನಂಗೆ ಆಗ್ತಿಲ್ಲ ಕಣೆ. ಓದಿದ್ದು ಒಂದೂ ತಲೆಗೆ ಹೋಗ್ತಿಲ್ಲ. ಯಾರಿಗಾದ್ರೂ ಹೇಳೋಣ."

"ಯಾರಿಗೆ? ವಿಶ್ರಾಂತಿ ಮೇಡಂಗಾ?"

"ಆ ಇನ್‌ಚಾರ್ಜ್ ಸಿಸ್ಟರ್ ಒಳ್ಳೆಯವರ ಹಾಗೆ ಕಾಣ್ತಾರೆ..."

"ಒಳ್ಳೆಯವರಿಗೂ ಸಂಬಳ ಕೊಡೋದು ಇದೇ ಆಸ್ಪತ್ರೆ."

"ಅವಳೇನಾದ್ರೂ ಮಾಡ್ಕೊಂಡ್ರೆ? ಆಗ ಏನೇ ಮಾಡ್ತೀಯ? ಯಾರಿಗೆ ಹ್ಯಾಂಡೋವರ್ ಕೊಡ್ತೀಯ?"

ಆ ಮಾತಿಗೆ ಬಕೆಟ್ಟು ಒದ್ದೆ. ಅವಳ ಬಿಳಿ ಯೂನಿಫಾರ್ಮು ಕೆಸರಿಗೆ ಹೋಗಿ ಬಿತ್ತು. ಹೆದರುಪುಕ್ಕಲಿ, ಸ್ವಾರ್ಥಿ, ಬಾಯಿಗೆ ಬಂದದ್ದೆಲ್ಲಾ ಅಂದೆ. ಅವಳು ಬಟ್ಟೆ ಎತ್ತಿಕೊಂಡು ಎದುರು ರೂಮಿಗೆ ಹೋದಳು. ದಿಂಬನ್ನೂ ತೆಗೆದುಕೊಂಡು ಹೋದಳು.

ಹೋಗಲಿ. ನನಗೆ ಯಾರೂ ಬೇಡ.

ಸಂಜೆ ಅಮ್ಮನ ಫೋನು. ಅಮ್ಮ ಹೊಲಿಗೆ ಮಷಿನ್ ನಿಲ್ಲಿಸದೆಯೇ ಮಾತಾಡುವವಳು, ನಡುನಡುವೆ ಗರಗರ ಎಂದು ಸದ್ದು. "ದನಿ ಯಾಕೆ ಹೀಗಿದೆ?" ಎಂದಳು. ನೆಗಡಿ ಎಂದೆ. "ಬಿಸಿನೀರು ಕುಡಿ. ನಿನ್ನ ತಂಗಿದೇ ನಂಗೆ ಯೋಚನೆ. ನೀನೊಬ್ಬಳು ಗಟ್ಟಿಗಿತ್ತಿ, ನಿನ್ನ ಚಿಂತೆ ನಂಗಿಲ್ಲ."

ಇಟ್ಟುಬಿಟ್ಟೆ ಫೋನು. ಗಟ್ಟಿಗಿತ್ತಿಯಂತೆ.


ಮಾರ್ಚ್ 18

ಗಿಣಿ ಉಸಿರು ಹದಿನಾಲ್ಕು. ನಿದ್ದೆ. ನಾನು ಚೆನ್ನಾಗಿದ್ದೇನೆ.


ಮಾರ್ಚ್ 20

ಹದಿನಾಲ್ಕು. ನನಗೆ ಊಟ ಸೇರುತ್ತಿಲ್ಲ. ಮೆಸ್ಸಿನ ಊಟ ಯಾರಿಗೆ ತಾನೇ ಸೇರುತ್ತದೆ. ಬಾಚಣಿಗೆ ತುಂಬಾ ಕೂದಲು. ಚೆನ್ನಾಗಿದ್ದೇನೆ.


ಮಾರ್ಚ್ 25, ಮಂಗಳವಾರ. ಸಂಜೆ

ನಿನ್ನೆಯಿಂದ ಮೆಡಿಕಲ್ ವಾರ್ಡು.

ಇವತ್ತು ಬೆಳಿಗ್ಗೆ ಹನ್ನೆರಡು ಮಂಚಕ್ಕೆ ನಾನು ಚಾರ್ಟ್ ಬರೆದೆ. ಜ್ವರ ನೋಡಿದೆ. ನಾಡಿ ಎಣಿಸಿದೆ. ಬಿಪಿ ನೋಡಿದೆ. ಉಸಿರಿನ ಕಾಲಮ್ಮಿನಲ್ಲಿ ಮೇಲಿನಿಂದ ಕೆಳಗೆ ಇಪ್ಪತ್ತು, ಇಪ್ಪತ್ತು, ಇಪ್ಪತ್ತು. ಎಲ್ಲರೂ ಹಾಗೇ ಬರೆಯುವುದು. ಒಬ್ಬೊಬ್ಬರಿಗೆ ಒಂದು ನಿಮಿಷ ಯಾರ ಹತ್ತಿರ ಇರುತ್ತದೆ? ಸ್ಟಾಫೂ ಇಪ್ಪತ್ತೇ ಬರೆಯುತ್ತಾರೆ. ಡಾಕ್ಟರು ಇಪ್ಪತ್ತು ಎಂದು ಓದಿ ಸಹಿ ಹಾಕುತ್ತಾರೆ. ನನ್ನ ಕಾಲ ಮೇಲೆ ನಾನು ನಿಂತಿದ್ದೆ ಎನ್ನುವುದೇ ದೊಡ್ಡದು.

ಆರನೇ ಮಂಚದಲ್ಲಿ ಒಬ್ಬರು ತಾತ. ಹತ್ತಿರ ಹೋದವರಿಗೆಲ್ಲಾ ಫ್ಯಾನ್ ಆರಿಸು ಮಗಾ ಎನ್ನುವವರು. ಇವತ್ತು ಅನ್ನಲಿಲ್ಲ. ಅದು ನನಗೆ ಹೊಳೆಯಬೇಕಿತ್ತು.

ಗಿಣಿ ಇನ್ನೊಬ್ಬರ ಮೈ ಒರೆಸಲು ಬೇಸಿನ್ ಹಿಡಿದು ಹೋಗುತ್ತಿದ್ದಳು. ತಾತನ ಹತ್ತಿರ ನಿಂತಳು. ಬೇಸಿನ್ ಕೆಳಗಿಟ್ಟು ಮಣಿಕಟ್ಟು ಹಿಡಿದಳು. ನಾನು ದೂರದಿಂದ ನೋಡುತ್ತಿದ್ದೆ. ಕೆಲಸ ಬಿಟ್ಟು ಇದೇನು ಎಂದುಕೊಂಡೆ. ಒಂದು ನಿಮಿಷ ಪೂರ್ತಿ ನಿಂತಳು. ಆಮೇಲೆ ನೇರ ವಾರ್ಡ್ ಸಿಸ್ಟರ್ ಮೇಜಿಗೆ ನಡೆದಳು. ತಿಂಗಳಿಂದ ತಾನಾಗಿ ಎರಡು ಪದ ಆಡದವಳು ಗಟ್ಟಿಯಾಗಿ, ವೈವಾದಲ್ಲಿ ಹೇಳುವ ಹಾಗೆ ಹೇಳಿದಳು. "ಸಿಸ್ಟರ್, ಆರನೇ ಬೆಡ್. ಉಸಿರು ಮೂವತ್ತಾರು. ತುಟಿ ನೀಲಿ. ಮಾತಾಡಕ್ಕೆ ಆಗ್ತಿಲ್ಲ ಅವ್ರಿಗೆ."

ಓಡಾಟ. ಆಕ್ಸಿಜನ್. ಡಾಕ್ಟರು. ಟ್ರಾಲಿ. ಐಸಿಯುಗೆ ಹೋದರು ತಾತ. ಬದುಕಿದ್ದಾರೆ, ಈಗ ಪರವಾಗಿಲ್ಲ ಎಂದು ಸಂಜೆ ಹೇಳಿದರು.

ವಾರ್ಡ್ ಸಿಸ್ಟರ್ ಚಾರ್ಟ್ ಬೋರ್ಡುಗಳನ್ನು ಒಂದೊಂದಾಗಿ ತೆಗೆದು ನೋಡಿದರು. "ಎಲ್ಲರಿಗೂ ಇಪ್ಪತ್ತಾ? ಹನ್ನೆರಡು ಜನಾನೂ ಮಾತಾಡಿಕೊಂಡು ಉಸಿರಾಡ್ತಾರಾ?" ಕೂಗಲಿಲ್ಲ. ಕೂಗಿದ್ದರೆ ತಿರುಗಿ ಹೇಳಬಹುದಿತ್ತು. "ಬೆಳಿಗ್ಗೆ ಎಷ್ಟಿತ್ತು ಇವರಿಗೆ?"

ಗೊತ್ತಿಲ್ಲ. ಬೆಳಿಗ್ಗೆ ತಾತನ ಕೈ ನನ್ನ ಕೈಯಲ್ಲೇ ಇತ್ತು. ನಾಡಿ ಮುಗಿದ ತಕ್ಷಣ ಬಿಟ್ಟೆ. ಮುಖ ನೋಡಲೇ ಇಲ್ಲ. ಅವರು ಆಗಲೇ ಏದುಸಿರು ಬಿಡುತ್ತಿದ್ದರೋ ಏನೋ. ನನಗೆ ಯಾವತ್ತೂ ಗೊತ್ತಾಗುವುದಿಲ್ಲ.


ಮಾರ್ಚ್ 26, ಬುಧವಾರ

ವಾರ್ಡಿನ ಹಿಂದೆ ಬೆಡ್‌ಪ್ಯಾನ್ ತೊಳೆಯುವ ಕೋಣೆ. ಗಿಣಿಯನ್ನು ಅಲ್ಲಿಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದೆ.

"ನನ್ನನ್ನು ಕರೆದು ಹೇಳಕ್ಕೆ ಆಗ್ತಿರ್ಲಿಲ್ವಾ? ಸಿಸ್ಟರ್ ಹತ್ರಾನೇ ಹೋಗ್ಬೇಕಿತ್ತಾ?"

"ನಿನ್ನ ಹತ್ರ ಬಂದಿದ್ರೆ ಇನ್ನೆರಡು ನಿಮಿಷ ಹೋಗ್ತಿತ್ತು."

ಸರಿಯಾದ ಉತ್ತರ. ಅದಕ್ಕೇ ಇನ್ನೂ ಮೈ ಉರಿಯಿತು. ಹೇಳಬಾರದ್ದನ್ನು ಹೇಳಿದೆ. "ನಿನ್ನ ಉಸಿರು ಎಣಿಸಿ ಎಣಿಸಿ ಸಾಯ್ತಾ ಇದೀನಿ ನಾನು. ನಿನ್ನಿಂದ ನಂಗೆ ಬೇರೆಯವ್ರದ್ದು ಎಣಿಸಕ್ಕೆ ಶಕ್ತಿ ಇಲ್ಲ."

ನಲ್ಲಿ ತೊಟ್ಟಿಕ್ಕುತ್ತಿತ್ತು. ಗಿಣಿ ಅದನ್ನು ಗಟ್ಟಿಯಾಗಿ ತಿರುಗಿಸಿ ನಿಲ್ಲಿಸಿದಳು.

"ಗೊತ್ತು ಕಣೆ," ಎಂದಳು. "ನೀನು ಎಣಿಸ್ತೀಯ ಅಂತ ಮೊದಲ ದಿನಾನೇ ಗೊತ್ತಾಯ್ತು. ನಾನೂ ಅದೇ ಪಾಠ ಓದಿದೀನಲ್ಲ. ನೀನು ಕೈ ಹಿಡಿದ ತಕ್ಷಣ ನಿಧಾನ ಮಾಡ್ತಿದ್ದೆ. ನಿದ್ದೆ ಬಂದ ಹಾಗೆ."

"ಯಾಕೆ?"

"ನೀನು ಮಲಗ್ಲಿ ಅಂತ."

ಬೆಡ್‌ಪ್ಯಾನ್ ಹಿಡಿದುಕೊಂಡು ಆಯಾ ಒಳಗೆ ಬಂದರು. ಏನ್ರಮ್ಮಾ ಮೀಟಿಂಗಾ ಎಂದರು. ನಾನು ಹೊರಗೆ ಬಂದುಬಿಟ್ಟೆ.

ಹದಿನಾಲ್ಕು ಹದಿನಾಲ್ಕು ಎಂದು ಇಲ್ಲಿ ಬರೆದಿದ್ದೇನಲ್ಲ. ಒಂದೂ ನಿಜವಲ್ಲ. ಆ ಇಪ್ಪತ್ತುಗಳ ಹಾಗೇ. ನಾನು ಎಚ್ಚರವಾಗಿ ಕೂತು ಅವಳು ಮಲಗಿದ್ದಾಳೆ ಎಂದುಕೊಂಡೆ. ಅವಳು ಎಚ್ಚರವಾಗಿ ಮಲಗಿ ನಾನು ಮಲಗಲಿ ಎಂದು ಕಾದಳು. ಇಬ್ಬರು ನರ್ಸುಗಳು, ಒಬ್ಬರಿಗೂ ನಿದ್ದೆ ಇಲ್ಲ. ಎಂಥ ಮೂರ್ಖರು ನಾವು. ಗೋಡೆಗೆ ತಲೆ ಚಚ್ಚಿಕೊಳ್ಳುವಷ್ಟು ಸಿಟ್ಟು ಬರುತ್ತಿದೆ.


ಮಾರ್ಚ್ 27, ಗುರುವಾರ

ಅಕ್ಷರ ಹೇಗಿದ್ದರೂ ಸರಿ, ಬರೆಯುತ್ತೇನೆ.

ಮೆಸ್ಸಿನಿಂದ ರೂಮಿಗೆ ಬಂದರೆ ಗಿಣಿ ಇಲ್ಲ. ಚಪ್ಪಲಿ ಇಲ್ಲ. ಫೋನು ದಿಂಬಿನ ಮೇಲೆ. ಟೆರೇಸಿಗೆ ಓಡಿದೆ — ಬಟ್ಟೆಗಳು ಮಾತ್ರ. ಬಾತ್‌ರೂಮಿನ ಬಾಗಿಲುಗಳನ್ನೆಲ್ಲಾ ಬಡಿದೆ. ಯಾರೋ ಒಳಗಿಂದ ಬೈದರು. ಎದುರು ರೂಮಿಗೆ ಹೋಗಿ ಏಣಿಯ ಮುಖ ನೋಡಿದೆ. ಅವಳಿಗೆ ಅರ್ಥವಾಯಿತು. ಬರಿಗಾಲಲ್ಲಿ ಎದ್ದು ಬಂದಳು. ಅವಳು ಗೇಟಿನ ಕಡೆ, ನಾನು ಆಸ್ಪತ್ರೆಯ ಕಡೆ.

ಮೆಡಿಕಲ್ ವಾರ್ಡ್. ಲೈಬ್ರರಿ. ಶವಾಗಾರದ ಹಾದಿ. ಅಲ್ಲಿಂದ ತಿರುಗಿ ಓಡಿದೆ.

ಕೊನೆಗೆ ಸಿಕ್ಕಿದ್ದು ಮನೋರೋಗ ವಾರ್ಡಿನ ವರಾಂಡದಲ್ಲಿ. ಇನ್‌ಚಾರ್ಜ್ ಸಿಸ್ಟರ್ ಮತ್ತು ಗಿಣಿ ಒಂದು ಬೆಡ್‌ಶೀಟಿನ ಎರಡು ತುದಿ ಹಿಡಿದು ಮಡಚುತ್ತಿದ್ದರು. ಪಕ್ಕದ ಸ್ಟೂಲಿನ ಮೇಲೆ ಎರಡು ಲೋಟ ಚಹಾ.

"ನೀನು ಸತ್ತೇ ಹೋದೆ ಅಂದ್ಕೊಂಡೆ ನಾನು," ಎಂದು ಕಿರುಚಿದೆ. ವಾರ್ಡಿನ ಕಿಟಕಿಗಳಲ್ಲೆಲ್ಲಾ ಮುಖಗಳು. ಇನ್ನೂ ಏನೇನೋ ಅಂದೆ. ಕೊಂದು ಹಾಕುತ್ತೇನೆ ಎಂದೂ ಅಂದೆನಂತೆ, ನನಗೆ ನೆನಪಿಲ್ಲ. ಸಿಸ್ಟರ್ ತಮ್ಮ ಚಹಾ ನನ್ನ ಕೈಗಿಟ್ಟು ಸ್ಟೂಲಿನ ಮೇಲೆ ಕೂರಿಸಿದರು. ಏಣಿಗೆ ಫೋನ್ ಮಾಡಿ ಸಿಕ್ಕಿದಳು ಎಂದು ಅವರೇ ಹೇಳಿದರು.

ಗಿಣಿ ಬೆಡ್‌ಶೀಟಿನ ಮಡಿಕೆ ಸರಿ ಮಾಡುತ್ತಲೇ ಹೇಳಿದಳು. "ನಂದು ಹೇಳ್ದೆ ಇವ್ರಿಗೆ. ನಿಂದೂ ಹೇಳ್ದೆ."

"ನಂದೇನಿದೆ ಹೇಳಕ್ಕೆ?"

"ನೀನು ಮಲಗಿಲ್ಲ. ತಿಂದಿಲ್ಲ. ಏಣಿ ಜೊತೆ ಜಗಳ. ಬಾತ್‌ರೂಮಲ್ಲಿ ನಲ್ಲಿ ಬಿಟ್ಕೊಂಡು ಒಳಗೆ ನಿಂತಿರ್ತೀಯ. ಚಿಲಕ ಹಾಕಬಾರದು ಅಂತ ರೂಲ್ ನಂಗೆ ಮಾಡಿ, ನೀನು ಹಾಕ್ಕೊಂಡಿರ್ತೀಯ." ಉಸಿರು ತೆಗೆದುಕೊಂಡಳು. ಹಳೆಯ ಗಿಣಿಯ ಹಾಗೆ ನನ್ನ ಉತ್ತರಕ್ಕೆ ಕಾಯಲಿಲ್ಲ. "ನಿಂಗೂ ಬೆಳಿಗ್ಗೆ ಏಳೋದು ಬೇಡ ಅನ್ಸತ್ತಾ?"

ಇಷ್ಟು ದಿನ ನನ್ನ ಬಾಯಿಂದ ಬರದ ಪ್ರಶ್ನೆ. ಸೋಪು ಇದೆಯಾ ಎಂದು ಕೇಳಿದ್ದೆನಲ್ಲ, ಅದು.

ಎದ್ದು ನಿಂತೆ. ಮನೆಗೆ ಕಳಿಸುತ್ತಾರೆ ಕಣೆ, ವರ್ಷ ಹೋಗುತ್ತದೆ, ಇಷ್ಟು ದಿನ ಕಾದಿದ್ದೆಲ್ಲಾ ನೀರಲ್ಲಿ ಹೋಮ ಮಾಡಿದೆಯಲ್ಲ ಎಂದೆ. ನನ್ನನ್ನು ಕೇಳದೆ ಹೇಗೆ ಹೇಳಿದೆ ಎಂದೆ. ನಾನು ಗಟ್ಟಿಗಿತ್ತಿ ಎಂದೂ ಹೇಳಿದೆ. ಎಲ್ಲಾ ಮುಗಿದ ಮೇಲೂ ಅವಳು ಹಾಗೇ ನಿಂತಿದ್ದಳು, ಪ್ರಶ್ನೆ ವಾಪಸ್ ತೆಗೆದುಕೊಳ್ಳದೆ.

"ಹೂಂ," ಎಂದೆ.


ಮಾರ್ಚ್ 28, ಶುಕ್ರವಾರ

ಪ್ರಿನ್ಸಿಪಾಲ್ ಚೇಂಬರು. ನಾವಿಬ್ಬರೂ ನಿಂತಿದ್ದೆವು. ಇನ್‌ಚಾರ್ಜ್ ಸಿಸ್ಟರ್ ಕುರ್ಚಿ ಎಳೆದುಕೊಂಡು ಕೂತರು, ಯಾರೂ ಕೂರಿ ಎನ್ನುವ ಮೊದಲೇ.

"ಇಬ್ಬರೂ ಮನೆಗೆ ಹೋಗಿ ಸ್ವಲ್ಪ ವಿಶ್ರಾಂತಿ ತಗೊಳ್ಳಿ," ಎಂದರು ಮೇಡಂ. ದನಿಯಲ್ಲಿ ಜೇನು ಸುರಿಯುತ್ತಿತ್ತು. "ಪೇರೆಂಟ್ಸ್‌ಗೆ ಸೋಮವಾರ ಬರಕ್ಕೆ ಹೇಳಿದೀನಿ."

ನಾನು ಬಾಯಿ ತೆರೆದೆ. ಸಿಸ್ಟರ್ ನನ್ನ ಕಡೆ ನೋಡದೆಯೇ ಕೈ ಅಡ್ಡ ಹಿಡಿದರು.

"ಹೋದ ವರ್ಷ ಹಾಸ್ಟೆಲಲ್ಲಿ ಒಂಬತ್ತು ಮಕ್ಕಳಿಗೆ ಕಾಮಾಲೆ ಆಯ್ತಲ್ಲ ಮೇಡಂ. ಎಲ್ಲಿಟ್ರಿ?"

"ನಮ್ಮ ಸಿಕ್ ರೂಮ್‌ನಲ್ಲಿ. ಅದು ಬೇರೆ..."

"ಒಬ್ಬರದ್ದಾದ್ರೂ ವರ್ಷ ಹೋಯ್ತಾ?"

"ಅದು ಲಿವರ್, ಸಿಸ್ಟರ್."

"ಇದು ತಲೆ. ಲಿವರ್‌ಗಿಂತ ಮೇಲೇ ಇದೆ," ಎಂದರು ಸಿಸ್ಟರ್. ಎದೆಯ ಮೇಲೆ ತಡಕಾಡಿ ಕನ್ನಡಕ ಹಾಕಿಕೊಂಡರು. "ಸಿಕ್ ರೂಮಲ್ಲಿ ಎರಡು ಬೆಡ್ ಖಾಲಿ ಇದೆ. ಡಾಕ್ಟರಿಗೆ ಹೇಳಿದೀನಿ. ಸೋಮವಾರ ಪೇರೆಂಟ್ಸ್ ಬಂದಾಗ ನಾನೂ ಇಲ್ಲೇ ಇರ್ತೀನಿ."

ಮೇಡಂ ಹೂಂ ಅನ್ನಲಿಲ್ಲ. ಊಹೂಂ ಕೂಡ ಅನ್ನಲಿಲ್ಲ. ಮ್ಯಾನೇಜ್‌ಮೆಂಟ್ ಜೊತೆ ಮಾತಾಡಬೇಕಂತೆ. ಅದರ ಅರ್ಥ ನನಗೆ ಗೊತ್ತು. ಸೋಮವಾರ ಏನು ಬೇಕಾದರೂ ಆಗಬಹುದು.

ಹೊರಗೆ ಬಂದ ಮೇಲೆ ಸಿಸ್ಟರ್ ನನ್ನನ್ನು ಬೈದರು. ಗೆಳತಿಯನ್ನು ಬಚ್ಚಿಟ್ಟುಕೊಂಡು ವಾರ್ಡ್ ನಡೆಸುವಷ್ಟು ದೊಡ್ಡವಳಾ ನೀನು, ಏನಾದರೂ ಆಗಿದ್ದರೆ ಜೀವನಪೂರ್ತಿ ಹೊತ್ತುಕೊಂಡು ತಿರುಗುತ್ತಿದ್ದೆಯಲ್ಲ ಎಂದು. ನಿಮ್ಮ ಆಸ್ಪತ್ರೆ ಬೇರೆ ದಾರಿ ಎಲ್ಲಿ ಇಟ್ಟಿತ್ತು ಎಂದು ನಾನೂ ತಿರುಗಿ ಬೈದೆ. ಅವರು ಸಿಟ್ಟಾಗಲಿಲ್ಲ. "ಅದೂ ಸರಿ," ಎಂದರು. ಸಂಜೆ ಸಿಕ್ ರೂಮಿಗೆ ಏಣಿ ನನ್ನ ದಿಂಬು ತಂದುಕೊಟ್ಟಳು. ಅವಳ ಯೂನಿಫಾರ್ಮಿನ ಕಲೆ ಪೂರ್ತಿ ಹೋಗಿಲ್ಲ. ಕ್ಷಮಿಸು ಎಂದೆ. "ಒಗೆದು ಕೊಡು," ಎಂದಳು.


ಮಾರ್ಚ್ 29, ಶನಿವಾರ. ಸಂಜೆ

ಸಿಕ್ ರೂಮು, ಸದ್ಯಕ್ಕೆ ಸೋಮವಾರದವರೆಗೆ. ಎರಡು ಮಂಚ, ಒಂದು ಕಿಟಕಿ, ಸ್ಪಿರಿಟ್ಟಿನ ವಾಸನೆ. ಡಾಕ್ಟರು ಬಂದು ಇಬ್ಬರ ಹತ್ತಿರವೂ ಬೇರೆ ಬೇರೆಯಾಗಿ ತುಂಬಾ ಹೊತ್ತು ಮಾತಾಡಿದರು. ಗಿಣಿಗೆ ಮಾತ್ರೆ ಶುರುವಾಗಿದೆ. ನನಗೆ ಮೊದಲು ನಿದ್ದೆ ಎಂದರು. ಮಧ್ಯಾಹ್ನ ಎರಡು ಗಂಟೆ ಮಲಗಿದೆನಂತೆ, ಬಾಯಿ ತೆರೆದುಕೊಂಡು.

ಅಮ್ಮನಿಗೆ ನಾನೇ ಫೋನ್ ಮಾಡಿದೆ. ಗಟ್ಟಿಗಿತ್ತಿ ಅಲ್ಲಮ್ಮಾ ನಾನು ಎಂದೆ. ಮಷಿನ್ ನಿಂತಿತು. "ಸೋಮವಾರ ಯಾಕೆ, ನಾಳೇನೇ ಬರ್ತೀನಿ," ಎಂದಳು.

ಸಿಟ್ಟು ಹೋಗಿಲ್ಲ. ಹಾಸಿಗೆ ಸುತ್ತಿ ಕಾರಿಡಾರಿನಲ್ಲಿ ಇಟ್ಟಿದ್ದು ಮರೆತಿಲ್ಲ. 'ನಾಟಕದ ಕಂಪನಿ' ಎಂದವರು ಇನ್ನೂ ಪಾಠ ಮಾಡುತ್ತಿದ್ದಾರೆ. ಸೋಮವಾರ ವಿಶ್ರಾಂತಿ ಎಂಬ ಪದ ಇನ್ನೊಂದು ಸಲ ಬಂದರೆ ಅಲ್ಲೇ ಹೇಳುತ್ತೇನೆ, ಎಲ್ಲರ ಎದುರಿಗೆ, ಅಮ್ಮನ ಎದುರಿಗೂ. ಐಸಿಯುನಲ್ಲಿ ತಾತ ಫ್ಯಾನ್ ಆರಿಸಿ ಎಂದು ಜಗಳ ಮಾಡುತ್ತಿದ್ದಾರಂತೆ. ಅವರ ಹತ್ತಿರ ಹೋಗಬೇಕು. ಏನು ಹೇಳಬೇಕೋ ಗೊತ್ತಿಲ್ಲ.

ಗಿಣಿ ತನ್ನ ಮಂಚದಿಂದ ಎದ್ದು ಬಂದು ಇಲ್ಲಿ ಕೂತಳು. ನನ್ನ ಎಡಗೈ ತೆಗೆದುಕೊಂಡಳು. ಬಲಗೈಯಲ್ಲಿ ಬರೆಯುತ್ತಿದ್ದೇನೆ. ಮೂರು ಬೆರಳು ಮಣಿಕಟ್ಟಿನ ಮೇಲೆ, ಕಣ್ಣು ಗಡಿಯಾರದ ಮೇಲೆ. ತುಟಿ ಅಲ್ಲಾಡುತ್ತಿತ್ತು, ಈಗ ನಿಂತಿತು. ನಾಡಿ ಮುಗಿಯಿತು. ಕೈ ಬಿಟ್ಟಿಲ್ಲ. ಕಣ್ಣು ನನ್ನ ಎದೆಯ ಮೇಲೆ ಬಂದಿದೆ.

ಗೊತ್ತಿಲ್ಲದವಳ ಹಾಗೆ ಇರಬೇಕು ನಾನು. ನಿಧಾನ ಮಾಡಬಹುದು, ನಿದ್ದೆ ಬಂದವಳ ಹಾಗೆ. ಆ ನಾಟಕ ನನಗೂ ಬರುತ್ತದೆ. ಮಾಡುವುದಿಲ್ಲ. ಎಷ್ಟಿದೆಯೋ ಅಷ್ಟೇ ಎಣಿಸಲಿ.

"ಪೆನ್ ಕೆಳಗಿಡೇ," ಎನ್ನುತ್ತಿದ್ದಾಳೆ. "ಅಲ್ಲಾಡ್ತೀಯ. ನಂಗೆ ಒಂದು ನಿಮಿಷ ಪೂರ್ತಿ ಬೇಕು."

ಇಡುತ್ತೇ—